ನಾಗರಬಾವಿಯ ಮನೆ: ಬಾಡಿಗೆಗೆ ಕೊಟ್ಟು, ಮಾರಿ, ಬಳಸಿದ ಸೇವೆಗಳಿಗೆ ನಾನು ಕೊಡುವ ಅಂಕ

2022ರ ಫೆಬ್ರುವರಿ, ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಮೈಸೂರಿನ ಕುವೆಂಪುನಗರದಲ್ಲಿ ನಾನಿರುವ ಮಗಳ ಮನೆಗೆ ಒಬ್ಬ ಯುವಕರು ಲಗ್ನಪತ್ರಿಕೆ ಹಿಡಿದು ಬಂದರು. ಬೆಂಗಳೂರಿನ ನಾಗರಬಾವಿಯ ನಮ್ಮ ಮನೆಯ ಮಹಡಿಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದವರು ಅವರೇ. ಅವರ ಮುಖ ನಾನು ನೋಡಿದ್ದು ಮಾತ್ರ ಅದೇ ಮೊದಲು. ತಂಗಿಯ ಮದುವೆ ನಂಜನಗೂಡಿನಲ್ಲಿ, ಹೇಗೂ ಈ ದಾರಿಯಲ್ಲಿ ಬರುತ್ತೇವೆ, ಮನೆಯ ಮಾಲೀಕರನ್ನೂ ಕರೆಯೋಣ ಎಂದು ಎದುರುಮನೆಯವರಿಂದ ನನ್ನ ವಿಳಾಸ ಕೇಳಿಕೊಂಡು ಬಂದಿದ್ದರು. ಕಾಫಿ ಕುಡಿದು ಏಳುವಾಗ ಸಂಕೋಚದಿಂದಲೇ ಹೇಳಿದರು: ‘ಅಮ್ಮ, ತಿಂಗಳಿಗೆ ಇಪ್ಪತ್ತೊಂದೂವರೆ ಸಾವಿರ ತಪ್ಪದೆ ಕೊಡುತ್ತಿದ್ದೇವೆ. ಮಲಗುವ ಕೋಣೆಯ ಗೋಡೆ ಎರಡು ಮಳೆಗಾಲದಿಂದ ಒದ್ದೆಯಾಗಿಯೇ ಇದೆ. ಅದೊಂದನ್ನು ಸರಿಮಾಡಿಸಿಕೊಟ್ಟರೆ ಸಾಕು.’

ಮನೆ ನೋಡಿಕೊಳ್ಳಲು ನಾನಿಟ್ಟಿದ್ದ ಕಂಪನಿ ಆ ಬಾಡಿಗೆ ವಸೂಲು ಮಾಡಿ ನನ್ನ ಖಾತೆಗೆ ಹಾಕುತ್ತಿದ್ದದ್ದು ಹದಿನಾರು ಸಾವಿರ. ಅದೇ ಗೋಡೆಯ ದುರಸ್ತಿಗೆಂದು ಹಿಂದಿನ ವರ್ಷವೇ ನನ್ನ ಬಾಡಿಗೆಯಲ್ಲಿ 38,000 ರೂಪಾಯಿ ಮುರಿದುಕೊಂಡಿದ್ದರು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಲೆಕ್ಕ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತು ಎಂದು ಹುಡುಕದೆ ನನಗೆ ನಿದ್ದೆ ಬರುವುದಿಲ್ಲ. ಆ ಮನೆಗಾಗಿ ಆರು ವರ್ಷದಲ್ಲಿ ನಾನು ಹಣ ಕೊಟ್ಟು ಬಳಸಿದ ಸೇವೆಗಳ ವಿಮರ್ಶೆ ಇದು. ಮನೆ ನೋಡಿಕೊಳ್ಳುವ ಕಂಪನಿ, ಮಾರಾಟದ ಜಾಹೀರಾತು ಹಾಕುವ ಜಾಲತಾಣ, ವಕೀಲರು, ನೋಂದಣಿ ಇಲಾಖೆಯ ಆನ್‌ಲೈನ್ ತಾಣವಾದ ಕಾವೇರಿ, ಇವುಗಳಲ್ಲಿ ಯಾವುದಕ್ಕೆ ಕೊಟ್ಟ ದುಡ್ಡು ದಕ್ಕಿತು, ಯಾವುದಕ್ಕೆ ಕೊಟ್ಟದ್ದು ವ್ಯರ್ಥವಾಯಿತು ಎಂಬುದನ್ನು ಬರೆಯುತ್ತೇನೆ. ಕಂಪನಿಯ ಹೆಸರನ್ನೂ ಜಾಲತಾಣದ ಹೆಸರನ್ನೂ ಬರೆಯುವುದಿಲ್ಲ. ಅಂಥವು ಊರಿನಲ್ಲಿ ಬಹಳ ಇವೆ, ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಎಂದಂತಾಗುತ್ತದೆ.

ಮೊದಲು ಮನೆಯ ವಿಷಯ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮೂವತ್ತು ನಲವತ್ತರ ನಿವೇಶನ. ನಮ್ಮವರ ಹೆಸರಿಗೆ ಹಂಚಿಕೆಯಾದದ್ದು 1991ರಲ್ಲಿ. 1996ರಲ್ಲಿ ಕೆಳಮನೆ ಕಟ್ಟಿಸಿದೆವು, ಮಹಡಿ ಎರಡು ವರ್ಷದ ನಂತರ. ನಮ್ಮವರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮನೆ ಕಟ್ಟುವಾಗ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನೀರಿನ ಕೊಳವೆ ಎಲ್ಲಿ ಹೋಗುತ್ತದೆ, ಎಲ್ಲಿ ತಿರುಗುತ್ತದೆ, ನೆಲದಿಂದ ಎಷ್ಟು ಅಂಗುಲ ಮೇಲೆ, ಯಾವ ವಾಲ್ವ್ ಯಾವ ಟ್ಯಾಂಕಿನದು ಎಂಬುದನ್ನೆಲ್ಲ ಸ್ಕೇಲು ಹಿಡಿದು ಬರೆದಿಟ್ಟಿದ್ದರು. 2018ರಲ್ಲಿ ಅವರು ತೀರಿಕೊಂಡರು. ಮರುವರ್ಷ ನಾನು ಮಗಳ ಜೊತೆ ಮೈಸೂರಿಗೆ ಬಂದೆ. ಎರಡು ಮನೆಗಳನ್ನು ದೂರದಿಂದ ನೋಡಿಕೊಳ್ಳಲು ಆಗುವುದಿಲ್ಲವೆಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಕಂಪನಿ ಬಂದದ್ದು ಹಾಗೆ.

ಬಾಡಿಗೆದಾರರು ಇರಲಿ ಬಿಡಲಿ, ತಿಂಗಳ ಐದನೆಯ ತಾರೀಖು ಮಹಡಿಗೆ ಹದಿನಾರು ಸಾವಿರ, ಕೆಳಮನೆಗೆ ಹದಿನಾರು ಸಾವಿರ ನನ್ನ ಖಾತೆಗೆ ಬೀಳುತ್ತದೆ. ಸಣ್ಣಪುಟ್ಟ ದುರಸ್ತಿ ಅವರದು, ದೊಡ್ಡದಾದರೆ ನನ್ನನ್ನು ಕೇಳಿ ಮಾಡಿಸುತ್ತಾರೆ. ಇದು ಬಾಯಿಮಾತಿನ ಒಪ್ಪಂದ. ಕಾಗದದ ಒಪ್ಪಂದ ಹದಿನಾಲ್ಕು ಪುಟದ್ದು, ಇಂಗ್ಲಿಷಿನದು. ಅದರ ಒಂಬತ್ತನೆಯ ಪುಟದಲ್ಲಿ ‘ಕಂಪನಿಯು ತನಗೆ ಸರಿತೋರಿದ ಬಾಡಿಗೆಗೆ ಮನೆಯನ್ನು ಕೊಡಬಹುದು’ ಎಂಬ ಅರ್ಥದ ಸಾಲಿತ್ತು. ನಾನು ಸಹಿ ಹಾಕಿದ್ದೆ, ಆ ಮಾತಿನಲ್ಲಿ ಕಾನೂನಿನ ತಪ್ಪಿಲ್ಲ. ಆದರೆ ಮಹಡಿಯೊಂದರಲ್ಲೇ ತಿಂಗಳಿಗೆ 5,500ರಂತೆ ಇಪ್ಪತ್ತನಾಲ್ಕು ತಿಂಗಳಿಗೆ 1,32,000 ರೂಪಾಯಿ ನನಗೂ ಆ ಹುಡುಗರಿಗೂ ಗೊತ್ತಿಲ್ಲದೆ ನಡುವೆ ನಿಂತಿತ್ತು. ಅದಕ್ಕಿಂತ ನನಗೆ ಹೆಚ್ಚು ನೋವಾದದ್ದು ಗೋಡೆಯ ವಿಷಯ. ಮರುದಿನವೇ ಬಸ್ ಹತ್ತಿ ಹೋಗಿ ನೋಡಿದೆ. ಗೋಡೆಯನ್ನು ಮೂರು ಕಡೆ ಒಡೆದು ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ಕೈಯಿಟ್ಟರೆ ತಣ್ಣಗೆ ಒದ್ದೆ. ನೋಟ್‌ಬುಕ್ ತೆಗೆದು ತೋರಿಸಿದ ಮೇಲೆ ಎದುರು ಬೀದಿಯ ಕೊಳಾಯಿ ಕೆಲಸದವರು ಒಂದೇ ಕಡೆ ಒಡೆದರು. ಕೊಳವೆ ತಿರುಗುವಲ್ಲಿ ಬಿರುಕು ಬಿಟ್ಟಿತ್ತು. ಕೂಲಿ, ಸಾಮಾನು, ಗಾರೆ ಎಲ್ಲ ಸೇರಿ 4,200 ರೂಪಾಯಿ. ಯಾರಾದರೂ ಒಬ್ಬರು ನನಗೆ ಫೋನು ಮಾಡಿ ‘ಇಲ್ಲಿ ಕೊಳವೆ ಎಲ್ಲಿದೆ’ ಎಂದು ಕೇಳಿದ್ದರೆ ಎರಡು ವರ್ಷ ಆ ಮನೆಯ ಮಗು ಒದ್ದೆ ಗೋಡೆಯ ಪಕ್ಕ ಮಲಗಬೇಕಾಗಿರಲಿಲ್ಲ.

ಒಪ್ಪಂದ ಮುಗಿಸಲು ಮೂರು ತಿಂಗಳ ನೋಟಿಸು ಕೊಡಬೇಕಿತ್ತು. ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಮೇತ ಕಳಿಸಿದೆ. ಆಗ ಇನ್ನೊಂದು ಸಂಗತಿ ಹೊರಬಿತ್ತು. ಹುಡುಗರು ಕೊಟ್ಟಿದ್ದ ಎರಡು ಲಕ್ಷ ಮುಂಗಡ ಕಂಪನಿಯ ಬಳಿಯೇ ಇತ್ತು. ಕಂಪನಿ ಹೋದರೆ ಅದನ್ನು ಅವರಿಗೆ ಕೊಡುವವರು ಯಾರು? ವಕೀಲರ ನೋಟಿಸಿನ ಮೇಲೆ, ಮೂರು ಕಂತಿನಲ್ಲಿ, ಸೆಪ್ಟೆಂಬರ್ ಹೊತ್ತಿಗೆ ಹಣ ಅವರ ಕೈಸೇರಿತು. ನಮ್ಮದು ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ ಇದಕ್ಕಿಂತ ಘೋರವಾದದ್ದೂ ನಡೆದಿದೆ. ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಮನೆ ಪಡೆದು, ಅದೇ ಮನೆಯನ್ನು ಬೇರೊಬ್ಬರಿಗೆ ಹತ್ತು ಹದಿನೈದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಆ ಇಡುಗಂಟಿನೊಂದಿಗೆ ಬಾಗಿಲು ಮುಚ್ಚಿಕೊಂಡು ಹೋದ ನಿರ್ವಹಣಾ ಸಂಸ್ಥೆಗಳ ಪ್ರಕರಣಗಳು ಪೊಲೀಸ್ ಠಾಣೆಗೆ ಹೋಗಿವೆ. ಅಲ್ಲಿ ಮಾಲೀಕರೂ ಬಾಡಿಗೆದಾರರೂ ಇಬ್ಬರೂ ಮೋಸಹೋದವರೇ. ಬಾಗಿಲಲ್ಲಿ ನಿಂತು ಜಗಳವಾಡುವವರೂ ಅವರಿಬ್ಬರೇ. ದೂರದಲ್ಲಿರುವವರು ಕಂಪನಿಯನ್ನು ಇಟ್ಟುಕೊಳ್ಳಲೇಬೇಕಾದರೆ ಮೂರು ಷರತ್ತು ಹಾಕಿ: ಬಾಡಿಗೆ ಕರಾರು ನಿಮ್ಮ ಮತ್ತು ಬಾಡಿಗೆದಾರರ ನಡುವೆಯೇ ಆಗಬೇಕು, ಮುಂಗಡ ನಿಮ್ಮ ಖಾತೆಗೇ ಬರಬೇಕು, ಬಾಡಿಗೆದಾರರ ಫೋನ್ ನಂಬರು ನಿಮ್ಮಲ್ಲಿರಬೇಕು. ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರವನ್ನಂತೂ ಕೊಡಲೇಬೇಡಿ. ನಾನು ಕೊಟ್ಟಿರಲಿಲ್ಲ, ಅದೊಂದು ನನ್ನನ್ನು ಉಳಿಸಿತು.

ಕಂಪನಿಗೆ ನನ್ನ ಅಂಕ ನೂರಕ್ಕೆ ಇಪ್ಪತ್ತು. ಆ ಇಪ್ಪತ್ತು ಕೂಡ ತಿಂಗಳ ಐದನೆಯ ತಾರೀಖನ್ನು ಒಮ್ಮೆಯೂ ತಪ್ಪಿಸದೆ ಹಣ ಹಾಕಿದ್ದಕ್ಕೆ, ಕೋವಿಡ್ ಕಾಲದಲ್ಲೂ ಹಾಕಿದ್ದಕ್ಕೆ.

2022ರ ಜೂನ್‌ನಿಂದ ನಾನೇ ನೋಡಿಕೊಂಡೆ. ಮಹಡಿಯ ಹುಡುಗರಿಗೆ ಇಪ್ಪತ್ತು ಸಾವಿರ ಬಾಡಿಗೆ, ಒಂದೂವರೆ ಲಕ್ಷ ಮುಂಗಡ ಎಂದು ಹೊಸ ಕರಾರು ಬರೆದೆವು. ಅವರಿಗೆ ಒಂದೂವರೆ ಸಾವಿರ ಉಳಿಯಿತು, ನನಗೆ ನಾಲ್ಕು ಸಾವಿರ ಹೆಚ್ಚಾಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹಳ ಕಾಲ ಇತ್ತು, ಈಗಲೂ ಕೆಲವರು ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಎಂದಿದೆ. ಅದು ರಾಜ್ಯಗಳು ತಾವಾಗಿ ಒಪ್ಪಿಕೊಂಡರೆ ಮಾತ್ರ ಜಾರಿಗೆ ಬರುವಂಥದು. ನನ್ನ ಅನುಭವದಲ್ಲಿ ಏಳೆಂಟು ತಿಂಗಳದ್ದು ಸಾಕು. ಮುಖ್ಯವಾದದ್ದು ಆ ಹಣವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡುವುದು. ಬಾಡಿಗೆದಾರರು ಬೀಗದ ಕೈ ಕೊಟ್ಟ ದಿನವೇ ಮುಂಗಡ ಮರಳಬೇಕು. ಅವರು ಅದೇ ದಿನ ಇನ್ನೊಬ್ಬ ಮಾಲೀಕರಿಗೆ ಮುಂಗಡ ಕೊಡಬೇಕಾಗಿರುತ್ತದೆ. ‘ಮುಂದಿನ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ’ ಎಂದು ಹೇಳುವ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ನಮ್ಮ ಹಣವೇ ಅಲ್ಲ.

ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯುವುದು ಏಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅಷ್ಟೇ ಕಾರಣ. ಬಿಡುವ ನೋಟಿಸಿನ ಅವಧಿಯನ್ನು ಕರಾರಿನಲ್ಲಿ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಹದಿನೈದು ದಿನ ಅನ್ವಯಿಸುತ್ತದೆ. ಹದಿನೈದು ದಿನದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆ ಖಾಲಿ ಮಾಡುವುದೆಂದರೇನು? ನಾನು ಎರಡೂ ಕಡೆಗೆ ಎರಡು ತಿಂಗಳು ಎಂದು ಬರೆಸಿದೆ. ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ವಾಡಿಕೆಯ ಬದಲು, ಮೂರು ವರ್ಷಕ್ಕಿಂತ ಹೆಚ್ಚು ಇದ್ದವರಿಂದ ಬಣ್ಣದ ಹಣ ಹಿಡಿಯುವುದಿಲ್ಲ ಎಂದು ಬರೆಸಿದೆ. ಬಂದ ದಿನ ಪ್ರತಿ ಕೋಣೆಯ ಗೋಡೆ, ನಲ್ಲಿ, ವಿದ್ಯುತ್ ಮೀಟರಿನ ಅಂಕಿಯ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಂಡೆವು. ಹೋಗುವಾಗ ಅದೇ ಫೋಟೊಗಳನ್ನು ತೆರೆದು ನೋಡಿದರೆ ವಾದಕ್ಕೆ ಜಾಗವಿರುವುದಿಲ್ಲ.

ಕೆಳಮನೆಗೆ ಹೊಸಬರನ್ನು ಹುಡುಕಬೇಕಿತ್ತು. ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ತೂಗುಹಾಕಿದೆ, ಮೂಲೆಯ ದಿನಸಿ ಅಂಗಡಿಯಲ್ಲಿ ಒಂದು ಮಾತು ಹೇಳಿಟ್ಟೆ. ಒಂಬತ್ತು ದಿನದಲ್ಲಿ ಬಂದರು. ಜಾತಿ ಕೇಳಲಿಲ್ಲ, ಏನು ತಿನ್ನುತ್ತೀರಿ ಎಂದೂ ಕೇಳಲಿಲ್ಲ. ಎಷ್ಟು ಜನ, ಎಷ್ಟು ವಾಹನ, ಕೆಲಸ ಎಲ್ಲಿ, ಈ ಮೊದಲು ಎಲ್ಲಿದ್ದಿರಿ, ಇಷ್ಟೇ. ಇಲ್ಲಿ ಒಂದು ಕಿವಿಮಾತು: ಈಗಿರುವ ಮನೆಯ ಮಾಲೀಕರನ್ನು ವಿಚಾರಿಸಿದರೆ ಸಾಲದು, ಬಾಡಿಗೆದಾರರು ಬಿಟ್ಟುಹೋದರೆ ಸಾಕೆಂದು ಅವರು ಹೊಗಳಬಹುದು. ಅದರ ಹಿಂದಿನ ಮನೆಯ ಮಾಲೀಕರಿಗೆ ಫೋನು ಮಾಡಿ. ಅವರಿಗೆ ಸುಳ್ಳು ಹೇಳಬೇಕಾದ ಕಾರಣವಿರುವುದಿಲ್ಲ.

ಗೃಹಜ್ಯೋತಿ ಬಂದ ಮೇಲೆ ಮಾಲೀಕರು ನೆನಪಿಡಬೇಕಾದ ಹೊಸ ಸಂಗತಿ ಒಂದಿದೆ. ಬಾಡಿಗೆದಾರರು ತಮ್ಮ ಆಧಾರ್ ಅನ್ನು ಆ ಮನೆಯ ವಿದ್ಯುತ್ ಸಂಪರ್ಕದ ಆರ್‌.ಆರ್‌. ಸಂಖ್ಯೆಗೆ ಜೋಡಿಸಿರುತ್ತಾರೆ. ಮನೆ ಬಿಡುವಾಗ ಆ ಜೋಡಣೆಯನ್ನು ತೆಗೆಸದಿದ್ದರೆ ಹೊಸಬರ ಅರ್ಜಿಗೂ ತೊಡಕು, ಹಳಬರಿಗೆ ಮುಂದಿನ ಮನೆಯಲ್ಲೂ ತೊಡಕು. ಬೀಗದ ಕೈ ಪಡೆಯುವ ದಿನ ಮಾಡುವ ಕೆಲಸಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಎರಡೂವರೆ ವರ್ಷ ಹೀಗೆ ನಡೆಯಿತು. ತಿಂಗಳಿಗೆ ನಾಲ್ಕೈದು ಫೋನು, ವರ್ಷಕ್ಕೆ ಮೂರು ಸಲ ಬೆಂಗಳೂರು ಪ್ರಯಾಣ. ಇಷ್ಟನ್ನು ಮಾಡಲಾಗದೆ ನಾನು ಕಂಪನಿಗೆ ಕೊಟ್ಟಿದ್ದೆನೇ ಎಂದು ಆಗಾಗ ಅನ್ನಿಸಿದ್ದುಂಟು.

2024ರ ಕೊನೆಯಲ್ಲಿ ಮಾರುವ ನಿರ್ಧಾರವಾಯಿತು. ಮಗ ಪುಣೆಯಲ್ಲಿ, ಮಗಳು ಮೈಸೂರಿನಲ್ಲಿ, ಇಬ್ಬರಿಗೂ ಸ್ವಂತ ಮನೆ ಬೇಕಿತ್ತು. ಮೊದಲು ವಕೀಲರನ್ನು ಕಂಡೆ, ಅದು ಒಳ್ಳೆಯದೇ ಆಯಿತು. ಗಂಡನ ಮನೆ ಹೆಂಡತಿಯದು ಎಂದುಕೊಂಡಿದ್ದೆ. ನಮ್ಮವರು ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ಅತ್ತೆಯವರು ಮೊದಲೇ ತೀರಿಕೊಂಡಿದ್ದರಿಂದ ನನ್ನದು ಮೂರರಲ್ಲೊಂದು ಪಾಲು, ಉಳಿದ ಎರಡು ಮಕ್ಕಳವು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮನೆಯ ಖಾತೆಯನ್ನು, ಅಂದರೆ ಪಾಲಿಕೆಯ ಆಸ್ತಿ ದಾಖಲೆಯನ್ನು, ಮೂವರ ಹೆಸರಿಗೆ ಮಾಡಿಸಬೇಕು, ಕ್ರಯಪತ್ರಕ್ಕೆ ಮೂವರೂ ಸಹಿ ಹಾಕಬೇಕು. ಇದು ತಿಳಿಯದೆ ನಾನೊಬ್ಬಳೇ ಮುಂಗಡ ಪಡೆದಿದ್ದರೆ ಏನಾಗುತ್ತಿತ್ತೋ. ಮನೆ ಮಾರುವುದೆಂದರೆ ಗೋಡೆ ಮಾರುವುದಲ್ಲ, ಕಾಗದ ಮಾರುವುದು ಎಂದು ವಕೀಲರು ಹೇಳಿದ ಮಾತು ಅಂದು ಅರ್ಥವಾಯಿತು.

ಬೋರ್ಡು ಹಾಕುವ ಮೊದಲು ಎರಡೂವರೆ ತಿಂಗಳು ಕಾಗದಕ್ಕೇ ಕೊಟ್ಟೆ. 2024ರ ಅಕ್ಟೋಬರ್‌ನಿಂದ ಆ ದಾಖಲೆಯ ಡಿಜಿಟಲ್ ರೂಪವಾದ ಇ-ಖಾತೆ ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಅದಕ್ಕೆ ಆಧಾರ್, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಕ್ರಯಪತ್ರದ ನೋಂದಣಿ ಸಂಖ್ಯೆ, ಬೆಸ್ಕಾಂ ಖಾತೆಯ ಸಂಖ್ಯೆ, ಮನೆಯ ಫೋಟೊ ಬೇಕು. ನನ್ನ ಮಗನ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಹಳೆಯ ಕಾಗದಗಳಲ್ಲಿ ಇನ್ನೊಂದು ರೀತಿ ಇತ್ತು. ಮೊದಲಕ್ಷರ ಹಿಂದೆ ಮುಂದೆ ಆದದ್ದಷ್ಟೇ. ಅದನ್ನು ಸರಿಮಾಡಿಸಲು ಮೂರು ವಾರ ಹೋಯಿತು. ಮಾರುವ ಯೋಚನೆ ಇಲ್ಲದವರೂ ಇಂದೇ ಎಲ್ಲರ ಹೆಸರಿನ ಅಕ್ಷರಗಳನ್ನು ಒಮ್ಮೆ ಹೋಲಿಸಿ ನೋಡಿಕೊಳ್ಳಿ.

ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನೂ ಸಾಲಗಳನ್ನೂ ತೋರಿಸುವ ಋಣಭಾರ ಪ್ರಮಾಣಪತ್ರಕ್ಕೆ ಕಾವೇರಿ 2.0 ಬಳಸಿದೆ. ಅರ್ಜಿ, ಶುಲ್ಕ, ಪ್ರಮಾಣಪತ್ರ ಎಲ್ಲವೂ ಮೈಸೂರಿನ ಮನೆಯ ಊಟದ ಮೇಜಿನ ಮೇಲೆಯೇ ಮುಗಿಯಿತು. 2004ರ ಏಪ್ರಿಲ್‌ನಿಂದ ಈಚಿನದು ಹೀಗೆ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ನಾವು 1991ರಿಂದಲೂ ತೆಗೆಸಿದೆವು. ಅದೇ ತಾಣದಲ್ಲಿ ನಮ್ಮ ಬೀದಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯನ್ನೂ ನೋಡಬಹುದು. ಕಡತದಲ್ಲಿ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಪ್ರಾಧಿಕಾರದ ಗುತ್ತಿಗೆ-ಮಾರಾಟ ಕರಾರು, ಹತ್ತು ವರ್ಷದ ನಂತರ ಸಿಕ್ಕ ಶುದ್ಧ ಕ್ರಯಪತ್ರ, ಮಂಜೂರಾದ ನಕ್ಷೆ, ತೆರಿಗೆ ರಶೀದಿಗಳು ಸೇರಿದವು. ಪ್ರತಿ ಜೆರಾಕ್ಸಿನ ಮೇಲೂ ಅಡ್ಡಲಾಗಿ ‘ಪರಿಶೀಲನೆಗೆ ಮಾತ್ರ’ ಎಂದು ಬರೆದು, ಯಾರಿಗೆ ಕೊಟ್ಟೆ ಎಂಬುದನ್ನೂ ತಾರೀಖನ್ನೂ ಹಾಕಿದೆ. ಮೂಲ ಪತ್ರಗಳನ್ನು ನೋಂದಣಿಯ ದಿನದವರೆಗೆ ಯಾರ ಕೈಗೂ ಬಿಡಲಿಲ್ಲ. ನೋಡಬೇಕೆಂದವರಿಗೆ ಬ್ಯಾಂಕಿನ ಲಾಕರಿನ ಬಳಿಯೇ ತೋರಿಸಿದೆ.

ಇಷ್ಟಾದ ಮೇಲೆ ಜಾಲತಾಣ. ದಲ್ಲಾಳಿಗಳಿಲ್ಲ, ಮಾಲೀಕರಿಂದ ನೇರವಾಗಿ ಕೊಳ್ಳುವವರಿಗೆ ಎಂದು ಹೇಳಿಕೊಳ್ಳುವ ಒಂದು ತಾಣದಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಎರಡು ತಿಂಗಳ ಯೋಜನೆ ತೆಗೆದುಕೊಂಡೆ. ಮೊದಲ ಹದಿನೈದು ದಿನ ಬಂದ ಕರೆಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಒಟ್ಟು 61. ಅದರಲ್ಲಿ 40 ದಲ್ಲಾಳಿಗಳದು; ‘ನಮ್ಮಲ್ಲಿ ಪಾರ್ಟಿ ಇದ್ದಾರೆ’ ಎಂದೇ ಮಾತು ಶುರು. 9 ಕರೆ ಸಾಲ ಕೊಡುವವರದು, ಒಳಾಂಗಣ ಅಲಂಕಾರದವರದು. ನಿಜವಾಗಿ ಕೊಳ್ಳುವವರು 12, ಮನೆ ನೋಡಲು ಬಂದವರು 4. ಫೋಟೊ ಹಾಕುವ ವ್ಯವಸ್ಥೆ ಚೆನ್ನಾಗಿತ್ತು, ಸುತ್ತಮುತ್ತ ಯಾವ ಬೆಲೆ ಕೇಳುತ್ತಿದ್ದಾರೆಂದು ತಿಳಿಯಿತು. ಆದರೆ ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ನಿಜವಾದ ಬೆಲೆ ತಿಳಿದದ್ದು ಅದೇ ಬಡಾವಣೆಯಲ್ಲಿ ಹಿಂದಿನ ವರ್ಷ ಮಾರಿದ್ದ ಇಬ್ಬರ ಮನೆಗೆ ಹೋಗಿ ಕೇಳಿದಾಗ. ಇಬ್ಬರೂ ಮುಚ್ಚುಮರೆಯಿಲ್ಲದೆ ಹೇಳಿದರು. ತಾಣಕ್ಕೆ ನೂರಕ್ಕೆ ನಲವತ್ತೈದು. ಮನೆ ಬಾಡಿಗೆಗೆ ಕೊಡುವವರಿಗೆ ಅದು ಇನ್ನೂ ಸ್ವಲ್ಪ ಉಪಯೋಗವಾಗಬಹುದು. ಫೋನು ಎತ್ತುವ ತಾಳ್ಮೆ ಇಲ್ಲದವರು ಹಾಕಲೇಬೇಡಿ.

ನಮ್ಮ ಮನೆಯನ್ನು ಕೊಂಡವರು ತಾಣದಿಂದ ಬಂದವರಲ್ಲ. ಗೇಟಿನ ಬೋರ್ಡು ನೋಡಿ ಬಂದವರು, ಮೂರು ಬೀದಿ ಆಚೆ ತಾಯಿಯ ಮನೆ ಇರುವವರು. ತಾಯಿಗೆ ವಯಸ್ಸಾಯಿತು, ನಡೆದು ಹೋಗುವಷ್ಟು ಹತ್ತಿರ ಮನೆ ಬೇಕು ಎಂದು ಒಂದು ವರ್ಷದಿಂದ ಹುಡುಕುತ್ತಿದ್ದರು. ಇಂಥವರು ಜಾಲತಾಣ ನೋಡುವುದಿಲ್ಲ, ಬೀದಿ ನೋಡುತ್ತಾರೆ. ಬೋರ್ಡಿಗೆ ಆದ ಖರ್ಚು 350 ರೂಪಾಯಿ.

ಅವರಿಗಿಂತ ಮುಂಚೆ ಒಬ್ಬರು ಹತ್ತು ಲಕ್ಷ ಹೆಚ್ಚಿಗೆ ಕೊಡುತ್ತೇನೆಂದು ಬಂದಿದ್ದರು. ಅರ್ಧದಷ್ಟನ್ನು ನಗದಾಗಿ ಕೊಡುತ್ತೇವೆ, ಪತ್ರದಲ್ಲಿ ಕಡಿಮೆ ತೋರಿಸೋಣ ಎಂದರು. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೀರಿದ ನಗದು ಪಡೆದರೆ ಪಡೆದಷ್ಟೇ ಮೊತ್ತವನ್ನು ದಂಡವಾಗಿ ಕಟ್ಟಬೇಕಾಗುತ್ತದೆ. ಕಾನೂನು ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ನಮ್ಮವರು ಒಂದೊಂದು ಕಂತನ್ನೂ ಬ್ಯಾಂಕಿನಲ್ಲಿ ಕಟ್ಟಿ ಮಾಡಿದ ಮನೆ ಅದು. ಅವರನ್ನು ಗೇಟಿನವರೆಗೆ ಕಳಿಸಿ ಬಂದೆ.

ಬೆಲೆ ಎರಡು ಕೋಟಿ ಹತ್ತು ಲಕ್ಷಕ್ಕೆ ನಿಂತಿತು. ಕ್ರಯದ ಕರಾರಿನ ದಿನ ಇಪ್ಪತ್ತೊಂದು ಲಕ್ಷ ಮುಂಗಡ, ತೊಂಬತ್ತು ದಿನದ ಗಡುವು. ಗಡುವು ಮೀರಿದರೆ ಏನು, ಅವರ ಬ್ಯಾಂಕು ಸಾಲ ನಿರಾಕರಿಸಿದರೆ ಏನು, ನಮ್ಮ ಕಾಗದದಲ್ಲಿ ದೋಷ ಕಂಡರೆ ಏನು, ಮೂರನ್ನೂ ಬೇರೆ ಬೇರೆ ಕಲಮಿನಲ್ಲಿ ವಕೀಲರು ಬರೆದರು. ಕೆಳಮನೆ ಖಾಲಿ ಬೇಕೆಂದು ಕೊಳ್ಳುವವರು ಕೇಳಿದ್ದರಿಂದ ಅಲ್ಲಿದ್ದವರಿಗೆ ಎರಡರ ಬದಲು ಮೂರು ತಿಂಗಳು ಕೊಟ್ಟೆ.

ವಕೀಲರ ಶುಲ್ಕ 25,000. ಕಾಗದ ಓದಿದ್ದು, ಕರಾರು ಮತ್ತು ಕ್ರಯಪತ್ರದ ಕರಡು ಬರೆದದ್ದು, ನೋಂದಣಿಯ ದಿನ ಜೊತೆಗಿದ್ದದ್ದು ಎಲ್ಲ ಸೇರಿ. ದಲ್ಲಾಳಿಗೆ ಶೇಕಡ ಎರಡು ಕೊಟ್ಟಿದ್ದರೆ 4,20,000 ಆಗುತ್ತಿತ್ತು. ಈ ಇಡೀ ವ್ಯವಹಾರದಲ್ಲಿ ನಾನು ಅತ್ಯಂತ ಸಂತೋಷದಿಂದ ಕೊಟ್ಟ ಹಣ ಆ 25,000. ಚೆಕ್ಕುಬಂದಿಯಲ್ಲಿ, ಅಂದರೆ ನಿವೇಶನದ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವ ಪಶ್ಚಿಮ ಅದಲುಬದಲಾದದ್ದನ್ನು ಕಂಡುಹಿಡಿದವರು ಅವರೇ. ನೂರಕ್ಕೆ ತೊಂಬತ್ತೈದು.

2025ರ ಮೇ ತಿಂಗಳಲ್ಲಿ ನೋಂದಣಿಯಾಯಿತು. ಕಾವೇರಿಯಲ್ಲಿ ಮೊದಲೇ ಕರಡು ಸಲ್ಲಿಸಿ, ಅದು ಪರಿಶೀಲನೆಯಾಗಿ ಬಂದ ಮೇಲೆ ಶುಲ್ಕ ಕಟ್ಟಿ, ದಿನ ಮತ್ತು ವೇಳೆ ಗೊತ್ತುಮಾಡಿಕೊಳ್ಳುವ ಕ್ರಮ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇಕಡ 5.6, ನೋಂದಣಿ ಶುಲ್ಕ ಶೇಕಡ 1. ಕೊಂಡವರು ಕಟ್ಟಿದ್ದು 13,86,000 ರೂಪಾಯಿ. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 2 ಆಗಿದೆ. ಈಗ ಕೊಳ್ಳುವವರು ಬೆಲೆ ಮಾತಾಡುವಾಗಲೇ 7.6 ಎಂದು ಲೆಕ್ಕ ಹಾಕಿಕೊಳ್ಳಬೇಕು. ನಾವು ಮೂವರು ಮಾರುವವರು, ಅವರೊಬ್ಬರು ಕೊಳ್ಳುವವರು, ಇಬ್ಬರು ಸಾಕ್ಷಿಗಳು. ಫೋಟೊ, ಹೆಬ್ಬೆರಳು, ಸಹಿ. ನನ್ನ ಸರದಿ ಬಂದಾಗ ಕೈ ಸ್ವಲ್ಪ ನಡುಗಿತು. ಮಗ ಹೆಗಲ ಮೇಲೆ ಕೈಯಿಟ್ಟ. ಡಿ.ಡಿ.ಗಳ ಪ್ರತಿಯನ್ನು ಹಿಂದಿನ ದಿನವೇ ತರಿಸಿಕೊಂಡು, ಅವುಗಳನ್ನು ಕೊಟ್ಟ ಬ್ಯಾಂಕಿನ ಶಾಖೆಯಲ್ಲಿ ಖಚಿತಪಡಿಸಿಕೊಂಡಿದ್ದೆವು. ದಯವಿಟ್ಟು ಯಾರೂ ಈ ಕೆಲಸವನ್ನು ಬಿಡಬೇಡಿ. ಕಾವೇರಿಗೆ ನಾನು ತೊಂಬತ್ತು ಅಂಕ ಕೊಡುತ್ತೇನೆ. ಅದರ ಪುಟಗಳು ಕನ್ನಡದಲ್ಲಿವೆ, ಮಧ್ಯೆ ಯಾರನ್ನೂ ಹಿಡಿಯದೆ ನನ್ನ ವಯಸ್ಸಿನವಳು ಮಾಡಿಕೊಳ್ಳಬಹುದು.

ತೆರಿಗೆಯ ಮಾತು ಸ್ವಲ್ಪ ಹೇಳಲೇಬೇಕು, ಇಲ್ಲಿ ಹಲವರು ಎಡವುತ್ತಾರೆ. ಐವತ್ತು ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಗೆ ಕೊಳ್ಳುವವರು ಶೇಕಡ ಒಂದು ತೆರಿಗೆ ಮುರಿದು ಕಟ್ಟಬೇಕು. ಮಾರುವವರು ನಾವು ಮೂವರಿದ್ದುದರಿಂದ ಆ ವರ್ಷ ಮೂವರ ಪ್ಯಾನ್ ಸಂಖ್ಯೆಗೂ ಬೇರೆ ಬೇರೆ ನಮೂನೆ ಬೇಕಿತ್ತು. ನಮ್ಮಲ್ಲಿ ತಲಾ ಎಪ್ಪತ್ತು ಸಾವಿರ. ಒಬ್ಬರ ಹೆಸರಿನಲ್ಲೇ ಎಲ್ಲವನ್ನೂ ಕಟ್ಟಿದರೆ ಉಳಿದಿಬ್ಬರ ಲೆಕ್ಕ ಕೂಡುವುದಿಲ್ಲ. ಬಂಡವಾಳ ಲಾಭಕ್ಕೆ, ನಾವು ಮಾರಿದ ವರ್ಷ ಎರಡು ದಾರಿಗಳಿದ್ದವು. ಬೆಲೆಯೇರಿಕೆಯ ಹೊಂದಾಣಿಕೆ ಇಲ್ಲದೆ ಶೇಕಡ 12.5, ಇಲ್ಲವೇ ಹೊಂದಾಣಿಕೆ ಸಮೇತ ಶೇಕಡ 20. ಆಸ್ತಿ 2001ಕ್ಕಿಂತ ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲವಾಗಿ ಹಿಡಿಯಬಹುದು. ಮೌಲ್ಯಮಾಪಕರು ಅದನ್ನು 16 ಲಕ್ಷ ಎಂದು ವರದಿ ಕೊಟ್ಟರು. ಆ ವರ್ಷವನ್ನು 100 ಎಂದು ಹಿಡಿದರೆ 2025-26ರ ಬೆಲೆಯೇರಿಕೆಯ ಸೂಚ್ಯಂಕ 376, ಅಂದರೆ 16 ಲಕ್ಷ 60.16 ಲಕ್ಷವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಮೂವರಿಗೂ ಸೇರಿ ತೆರಿಗೆ 29,96,800. ಹೊಂದಾಣಿಕೆ ಬಿಟ್ಟರೆ 24,25,000. ಹೊಂದಾಣಿಕೆಯೇ ಲಾಭ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು ತಿರುಗುಮುರುಗಾಯಿತು, ಬೆಲೆ ಅಷ್ಟೊಂದು ಏರಿತ್ತು. ನನ್ನ ಪಾಲಿನ ಲಾಭ ಸುಮಾರು 64.67 ಲಕ್ಷದಲ್ಲಿ ಐವತ್ತು ಲಕ್ಷವನ್ನು ಆರು ತಿಂಗಳೊಳಗೆ ಐದು ವರ್ಷದ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿಟ್ಟೆ. ಉಳಿದದ್ದಕ್ಕೆ ತೆರಿಗೆ 1.83 ಲಕ್ಷದಷ್ಟು, ಸೆಸ್ ಬೇರೆ. ಮಗ ಎರಡು ವರ್ಷದೊಳಗೆ ಮನೆ ಕೊಳ್ಳುತ್ತಾನೆ, ಮಗಳು ಮೂರು ವರ್ಷದೊಳಗೆ ಕಟ್ಟಿಸುತ್ತಾಳೆ. ಅಲ್ಲಿಯವರೆಗೆ ಅವರ ಹಣ ಬ್ಯಾಂಕಿನ ಬಂಡವಾಳ ಲಾಭದ ಖಾತೆಯಲ್ಲಿರಬೇಕು. ತೆರಿಗೆ ವಿವರ ಸಲ್ಲಿಸುವ ಗಡುವಿನ ನಂತರವೂ ಮಾಮೂಲು ಉಳಿತಾಯ ಖಾತೆಯಲ್ಲಿಟ್ಟರೆ ವಿನಾಯಿತಿ ಹೋಗುತ್ತದೆ. ಇದು ನಾವು ಮಾರಿದ ವರ್ಷದ ಲೆಕ್ಕ, ನಿಮ್ಮ ವರ್ಷದ್ದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಿ.

ದಲ್ಲಾಳಿಗಳ ಮೇಲೆ ನನಗೆ ದ್ವೇಷವಿಲ್ಲ. ವಿದೇಶದಲ್ಲಿರುವವರಿಗೆ, ಊರಿನಲ್ಲಿ ತಮ್ಮವರು ಯಾರೂ ಇಲ್ಲದವರಿಗೆ, ಮೂರು ತಿಂಗಳಲ್ಲಿ ಹಣ ಬೇಕೇಬೇಕು ಎನ್ನುವವರಿಗೆ ಪ್ರಾಮಾಣಿಕರಾದ ಒಬ್ಬರು ಸಿಕ್ಕರೆ ಅವರ ಶೇಕಡ ಎರಡು ಹೆಚ್ಚಲ್ಲ. ನನಗೆ ಆ ಅವಸರವಿರಲಿಲ್ಲ. ಬೋರ್ಡು ಹಾಕಿದ ದಿನದಿಂದ ನೋಂದಣಿಯವರೆಗೆ ನಾಲ್ಕೂವರೆ ತಿಂಗಳಾಯಿತು, ಒಂಬತ್ತು ಸಲ ಬೆಂಗಳೂರಿಗೆ ಹೋದೆ. ಪ್ರಯಾಣ, ವಕೀಲರು, ಮೌಲ್ಯಮಾಪಕರು, ಜಾಲತಾಣ, ಬೋರ್ಡು ಎಲ್ಲ ಸೇರಿ ಐವತ್ತು ಸಾವಿರ ದಾಟಲಿಲ್ಲ.

ನೋಂದಣಿಯಾದ ಸಂಜೆ ಮನೆಗೆ ಹೋದೆವು. ಮಹಡಿಯ ಹುಡುಗರು ಅಲ್ಲೇ ಮುಂದುವರಿಯುವವರು. ಅವರ ಒಂದೂವರೆ ಲಕ್ಷ ಮುಂಗಡವನ್ನು ಕ್ರಯದ ಹಣದಲ್ಲಿ ಹೊಂದಿಸದೆ, ಬೇರೆಯಾಗಿ ನನ್ನ ಖಾತೆಯಿಂದ ಹೊಸ ಮಾಲೀಕರ ಖಾತೆಗೆ ವರ್ಗಾಯಿಸಿದೆ. ‘ಇಂದಿನಿಂದ ಬಾಡಿಗೆ ಇವರಿಗೆ, ಮುಂಗಡ ಇವರ ಬಳಿ ಇದೆ’ ಎಂಬ ಒಂದು ಪುಟದ ಪತ್ರಕ್ಕೆ ನಾನು, ಹೊಸ ಮಾಲೀಕರು, ಬಾಡಿಗೆದಾರರು ಮೂವರೂ ಸಹಿ ಹಾಕಿದೆವು. ಬಾಡಿಗೆದಾರರಿರುವ ಮನೆ ಮಾರುವ ಯಾರೂ ಈ ಪತ್ರವನ್ನು ಮರೆಯಬಾರದು. ಬೀಗದ ಕೈಗಳನ್ನು ಕೊಟ್ಟೆ, ಸಂಪಿನ ಮುಚ್ಚಳದ ಚಿಲಕ ಎತ್ತುವ ರೀತಿ ತೋರಿಸಿದೆ, ಮಂಜೂರಾದ ನಕ್ಷೆಯ ಮೂಲ ಪ್ರತಿ ಕೊಟ್ಟೆ.

ನಮ್ಮವರ ನೋಟ್‌ಬುಕ್ಕನ್ನು ಕೊಡಲು ಮನಸ್ಸು ಬರಲಿಲ್ಲ. ಅದರ ಹನ್ನೆರಡು ಪುಟಗಳನ್ನು ಜೆರಾಕ್ಸ್ ಮಾಡಿಸಿ, ಗಟ್ಟಿ ರಟ್ಟು ಹಾಕಿಸಿ ತಂದಿದ್ದೆ. ಹೊಸ ಮಾಲೀಕರು ಅಲ್ಲೇ ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುಗಿಸಿದರು. ‘ಈ ಗೋಡೆಯಲ್ಲಿ ಮೊಳೆ ಹೊಡೆಯಬಾರದು ಅಲ್ಲವೇ ಅಮ್ಮ’ ಎಂದರು. ಹೌದು, ಮೂವತ್ತೆರಡು ಅಂಗುಲದ ಮೇಲೆ ಹೊಡೆಯಬಹುದು ಎಂದೆ.